ಬ್ಲೇಡಿನಿಂದ ಇಳಿಸಿದ ತೂಕ

ಮೊನ್ನೆ ಅಕ್ಕನ ಮೊಮ್ಮಗಳು ಊರಿಗೆ ಬಂದವಳು ನನ್ನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆದಳು. ಐದು ನಿಮಿಷ ಅದರ ಮೇಲೆ ಬೆರಳಾಡಿಸುತ್ತ ಕೂತಿದ್ದು ಕೊನೆಗೆ ನನ್ನ ಮುಖದ ಮುಂದೆ ಹಿಡಿದಳು. ಹದಿನೆಂಟು ಕಿಲೋ ಇಳಿಸಿದರೆ ನಾನು ಹೇಗೆ ಕಾಣುತ್ತೇನೆ ಎಂಬುದನ್ನು ಅದು ಈಗಲೇ ತೋರಿಸುತ್ತದಂತೆ. ಪ್ರಿಂಟು ಹಾಕಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡರೆ, ಬಾಗಿಲು ತೆಗೆಯಲು ಹೋದಾಗಲೆಲ್ಲ ಆ ತೆಳ್ಳಗಿನವಳು ಈ ದಪ್ಪಗಿನವಳ ಕೈ ಹಿಡಿದು ತಡೆಯುತ್ತಾಳಂತೆ. ನಾನು ಕನ್ನಡಕ ಏರಿಸಿ ನೋಡಿದೆ. ನನ್ನ ಸೀರೆ ಉಟ್ಟು, ನನ್ನ ಕನ್ನಡಕ, ನನ್ನ ಬೆಂಡೋಲೆ ಹಾಕಿಕೊಂಡು ಯಾರೋ ಒಬ್ಬ ಹೆಂಗಸು ನಿಂತಿದ್ದಳು. ನಮ್ಮಿಬ್ಬರಿಗೆ ಅಂಥ ಪರಿಚಯವೇನೂ ಇರಲಿಲ್ಲ.

ಅಂಟಿಸಿಕೊಳ್ಳುತ್ತೇನೆ ಎಂದು ಹುಡುಗಿಗೆ ಮಾತು ಕೊಟ್ಟೆ. ಇನ್ನೂ ಅಂಟಿಸಿಲ್ಲ. ಅದಕ್ಕೆ ಅರ್ಧ ಕಾರಣ ಸೋಮಾರಿತನ, ಒಪ್ಪಿಕೊಳ್ಳುತ್ತೇನೆ. ಫ್ರಿಜ್ಜಿನೊಳಗೆ ಸದ್ಯಕ್ಕೆ ಇರುವ ಪೇಡೆ ಇನ್ನೊಂದಿಷ್ಟು ಕಾರಣ. ಉಳಿದ ಕಾರಣ ಹೇಳಬೇಕೆಂದರೆ ನಿಮ್ಮನ್ನು ನಲವತ್ತೈದು ವರ್ಷ ಹಿಂದಕ್ಕೆ, ಸವಣೂರಿನ ಪೇಟೆಗೆ ಕರೆದುಕೊಂಡು ಹೋಗಬೇಕಾಗುತ್ತದೆ.

ಸವಣೂರಿನಲ್ಲಿ ಅಪ್ಪನದು ಖಾರದ ಅಂಗಡಿ. ನಮ್ಮ ಕಡೆಯವರಲ್ಲದವರಿಗೆ ಹೇಳಿಬಿಡುತ್ತೇನೆ, ಈ ಖಾರ ಅಂದರೆ ಮೆಣಸಿನಪುಡಿಯಲ್ಲ. ಸೇವು, ಶೇಂಗಾ, ಪುಠಾಣಿ, ಕರಿಬೇವು ಎಲ್ಲ ಬೆರೆಸಿದ ಕರಿದ ತಿಂಡಿ. ಅಪ್ಪನ ಹೆಸರು ಈರಪ್ಪ. ಗದ್ದಿಗೆಯ ಮೇಲೆ ಅವನು ಕೂತನೆಂದರೆ ಹಿಂದಿನ ಡಬ್ಬಿಗಳು ಯಾವುವೂ ಗಿರಾಕಿಗಳಿಗೆ ಕಾಣುತ್ತಿರಲಿಲ್ಲ. ಪ್ರತಿ ಘಾಣದ, ಅಂದರೆ ಬಾಣಲೆಯಿಂದ ಒಂದು ಸಲಕ್ಕೆ ಇಳಿಸಿದ ಖಾರವನ್ನೂ ಬಾಯಿಗೆ ಹಾಕಿಕೊಂಡು ನೋಡಿಯೇ ಮಾರಬೇಕು ಎಂಬುದು ಅವನ ವ್ಯಾಪಾರಧರ್ಮ. ದಿನಕ್ಕೆ ಏಳೆಂಟು ಘಾಣ ಇಳಿಯುತ್ತಿದ್ದವು. ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ಅವನು, ಊಟ ಮಾಡುವುದು ಚೆನ್ನಾಗಿ ಬಲ್ಲವನಿಗೆ ರೋಗವಿಲ್ಲ ಎಂದು ಅರ್ಥ ಮಾಡಿಕೊಂಡಿದ್ದ. ಯಾರಾದರೂ ಅವನ ಹೊಟ್ಟೆಯ ಸುದ್ದಿ ಎತ್ತಿದರೆ ಅದು ಅಂಗಡಿಯ ಬೋರ್ಡು ಎನ್ನುತ್ತಿದ್ದ. ಸಣಕಲು ಮನುಷ್ಯನ ಅಂಗಡಿಯಲ್ಲಿ ಖಾರ ಯಾರು ಕೊಳ್ಳುತ್ತಾರೆ ಎಂದು ತಿರುಗಿ ಕೇಳುತ್ತಿದ್ದ.

ಆಗೆಲ್ಲ ದಪ್ಪ ಎನ್ನುವುದು ಬೈಗುಳ ಆಗಿರಲಿಲ್ಲ, ನೆನಪಿದೆಯೇ? ಮೈ ತುಂಬಿಕೊಂಡಿದ್ದಾರೆ ಎಂದರೆ ಸುಖವಾಗಿದ್ದಾರೆ ಎಂದು. ಹಿರೇಕೆರೂರಿಗೆ ಕೊಟ್ಟಿದ್ದ ನಮ್ಮ ಅಕ್ಕ ಮೊದಲ ಪಂಚಮಿಗೆ ತವರಿಗೆ ಬಂದಾಗ ಅವ್ವ ಬಸ್ಸಿಳಿದವಳ ಕ್ಷೇಮ ಕೇಳಲಿಲ್ಲ, ಅಳಿಯನ ಸುದ್ದಿ ಕೇಳಲಿಲ್ಲ. ಮೊದಲು ಅವಳ ರಟ್ಟೆ ಹಿಡಿದು ನೋಡಿದಳು. ರಟ್ಟೆ ಮೊದಲಿನಷ್ಟೇ ಇತ್ತು. ಅತ್ತೆಯ ಮನೆಯವರು ಒಳ್ಳೆಯವರು ಎಂದು ಅಲ್ಲಿಗೆ ತೀರ್ಮಾನವಾಯಿತು. ನನ್ನ ರಟ್ಟೆಯ ಬಗ್ಗೆ ಅವ್ವನಿಗೆ ಎಂದೂ ಚಿಂತೆ ಇರಲಿಲ್ಲ ಬಿಡಿ. ಅಪ್ಪನ ಆಸ್ತಿಯಲ್ಲಿ ನನ್ನ ಪಾಲು ನಾನು ಹುಟ್ಟುವಾಗಲೇ ತಂದಿದ್ದೆ.

ಇಂಥ ಮನೆಗೆ ಸಕ್ಕರೆ ಕಾಯಿಲೆ ಬಂತು. ಅಪ್ಪನ ಕಾಲಿನ ಹೆಬ್ಬೆರಳಿನ ಗಾಯ ಎರಡು ತಿಂಗಳಾದರೂ ಮಾಯಲಿಲ್ಲ. ಹುಬ್ಬಳ್ಳಿಗೆ ಹೋದೆವು. ಡಾಕ್ಟರು ಪರೀಕ್ಷೆ ಮಾಡಿ, ಗುಳಿಗೆ ಬರೆದುಕೊಟ್ಟು, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕೆಂದು ಹೇಳಿದರು. ಆಮೇಲೆ ಅಪ್ಪನನ್ನು ಕಾಟಾದ ಮೇಲೆ ನಿಲ್ಲಿಸಿದರು. ತೊಂಬತ್ತೆಂಟು ಕಿಲೋ. ಇದು ಎಪ್ಪತ್ತೈದಕ್ಕೆ ಬರಬೇಕು, ಬಾರದಿದ್ದರೆ ನಿಮ್ಮ ಈ ಚಿಕ್ಕ ಮಗಳ ಲಗ್ನ ನೀವು ನೋಡುವುದಿಲ್ಲ ಎಂದು, ಸಿಟ್ಟಿಲ್ಲದೆ, ಬಸ್ಸಿನ ವೇಳೆ ಹೇಳುವವರ ಹಾಗೆ ಹೇಳಿದರು. ಬರುವಾಗ ಶಿಗ್ಗಾಂವಿಯಲ್ಲಿ ಬಸ್ಸು ನಿಂತಾಗ ಅಪ್ಪ ಇಳಿದು ಹೋಗಿ ಎರಡು ಪ್ಲೇಟು ಮಿರ್ಚಿ ತಿಂದು ಬಂದ. ಇದು ಕೊನೇದು ಎಂದು ನನಗೆ ಹೇಳಿದ. ಆ ಕೊನೆಯ ಮಿರ್ಚಿಯನ್ನು ಅವನು ಮುಂದಿನ ವಾರದಲ್ಲಿ ಮತ್ತೂ ನಾಲ್ಕು ಸಲ ತಿಂದ.

ಅವ್ವ ಡಾಕ್ಟರನ್ನು ನಂಬಲೇ ಇಲ್ಲ.

"ನಮ್ಮ ಮನ್ಯಾಗ ಹಸದು ಸತ್ತಾವ್ರು ಅದಾರ. ಉಂಡು ಸತ್ತಾವ್ರನ್ನ ನಾ ಒಬ್ರನ್ನೂ ಕಂಡಿಲ್ಲ" ಎಂದಳು.

ನನಗೆ ಆಗ ಇಪ್ಪತ್ತು. ಶಿಕ್ಷಕಿಯ ತರಬೇತಿ ಮುಗಿಸಿ ನೌಕರಿಯ ಆರ್ಡರಿಗೆ ಕಾಯುತ್ತ ಮನೆಯಲ್ಲಿದ್ದೆ. ಪಾಠ ಹೇಳಲು ಕಲಿತಿದ್ದೆ, ಕೇಳಲು ಮಕ್ಕಳಿರಲಿಲ್ಲ. ಹೀಗಾಗಿ ಅಪ್ಪ ಅವ್ವನೇ ನನ್ನ ತರಗತಿ. ಸಿಕ್ಕಿದ ವಾರಪತ್ರಿಕೆಯನ್ನೆಲ್ಲ ಅಕ್ಷರ ಬಿಡದೆ ಓದುತ್ತಿದ್ದೆ. ಒಂದರಲ್ಲಿ ಪುಟದ ಮೂಲೆಗೆ ಎರಡು ಸಾಲು ಬಂದಿತ್ತು. ಯಾವುದೋ ದೂರದೇಶದಲ್ಲಿ ದಪ್ಪಗಿನವರು ತಮ್ಮ ತೆಳ್ಳಗಿನ ಕಾಲದ ಫೋಟೋವನ್ನು ಊಟದ ಜಾಗದಲ್ಲಿ ಎದುರಿಗೆ ಇಟ್ಟುಕೊಳ್ಳುತ್ತಾರೆ, ಅದನ್ನು ನೋಡುತ್ತ ನೋಡುತ್ತ ಹಾಗೇ ಆಗುತ್ತಾರೆ ಎಂದು. ನನಗೆ ಅದೇ ವೇದವಾಕ್ಯವಾಯಿತು. ಆದರೆ ಅಪ್ಪನಿಗೆ ತೆಳ್ಳಗಿನ ಕಾಲ ಅಂತ ಒಂದು ಇರಲೇ ಇಲ್ಲ. ಮದುವೆಯಲ್ಲಿ ಹೇಗಿದ್ದ ಎಂದು ಅವ್ವನನ್ನು ಕೇಳಿದೆ. ಬಾಸಿಂಗದ ಕೆಳಗೆ ಎರಡು ಗಲ್ಲ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ ಎಂದು, ಇಷ್ಟು ವರ್ಷದ ಮೇಲೂ ಸ್ವಲ್ಪ ನಾಚಿಕೊಂಡು ಹೇಳಿದಳು. ಹಿಂದೆ ಇಲ್ಲದ ಅಪ್ಪನನ್ನು ಮುಂದಿನಿಂದ ತರಬೇಕಾಗಿತ್ತು. ಅಂಥ ಕೆಲಸ ಮಾಡುವವರು ಊರಿನಲ್ಲಿ ಒಬ್ಬರಿದ್ದರು.

ದಸ್ತಗೀರಸಾಬರ ಸ್ಟುಡಿಯೋ ನಮ್ಮ ಅಂಗಡಿಯಿಂದ ನಾಲ್ಕು ಅಂಗಡಿ ಆಚೆಗೆ, ಮಹಡಿಯ ಮೇಲೆ. ಅವರು ಫೋಟೋ ತೆಗೆಯುವುದರಲ್ಲಿ ಎಷ್ಟು ಜಾಣರೋ, ತೆಗೆದದ್ದನ್ನು ತಿದ್ದುವುದರಲ್ಲಿ ಅದಕ್ಕಿಂತ ಜಾಣರು. ಕಣ್ಣು ಮುಚ್ಚಿದ್ದರೆ ತೆರೆಸುತ್ತಿದ್ದರು. ಸಿಡುಬಿನ ಕಲೆ ಮಾಯಿಸುತ್ತಿದ್ದರು. ಬೇರೆ ಬೇರೆ ವರ್ಷ ತೆಗೆಸಿದ ಗಂಡ ಹೆಂಡತಿಯನ್ನು ಒಂದೇ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಬೆಳಿಗ್ಗೆ ಕಿಟಕಿಯ ಹತ್ತಿರ ಇಳಿಜಾರು ಗಾಜಿನ ಮೇಜು ಇಟ್ಟು, ಅದರ ಮೇಲೆ ನೆಗೆಟಿವ್ ಇಟ್ಟು, ಬ್ಲೇಡಿನ ಮೂಲೆಯಿಂದ ಕೆರೆಯುತ್ತ ಕೂರುವರು. ನೆಗೆಟಿವ್‌ನಲ್ಲಿ ಬಿಳಿಯದು ಕಪ್ಪಾಗಿ, ಕಪ್ಪಾದದ್ದು ತೆಳುವಾಗಿ ಇರುತ್ತದೆಯಲ್ಲ. ಅಪ್ಪ ಬಿಳಿ ಅಂಗಿ ಹಾಕಿಕೊಂಡು ಕರಿ ಪರದೆಯ ಮುಂದೆ ಕೂತರೆ, ನೆಗೆಟಿವ್‌ನಲ್ಲಿ ಅವನ ಹೊಟ್ಟೆ ಕಪ್ಪಾಗಿ ಬೀಳುತ್ತದೆ. ಆ ಕಪ್ಪನ್ನು ಅಂಚಿನಿಂದ ಎಷ್ಟು ಕೆರೆದರೆ ಅಷ್ಟು ಹೊಟ್ಟೆ ಪರದೆಯೊಳಗೆ ಹೋಗಿ ಸೇರಿಕೊಳ್ಳುತ್ತದೆ. ಅಷ್ಟೇ ವಿದ್ಯೆ. ಆದರೆ ಕೈ ಒಂದು ಕೂದಲೆಳೆ ಜಾರಿದರೂ ಮುಗಿಯಿತು, ಕೆರೆದದ್ದು ತಿರುಗಿ ಬರುವುದಿಲ್ಲ.

ನನ್ನ ಬೇಡಿಕೆ ಕೇಳಿ ದಸ್ತಗೀರಸಾಬರು ಬಹಳ ಹೊತ್ತು ನಕ್ಕರು. ಇಷ್ಟು ವರ್ಷ ಹೆಣ್ಣು ಹುಡುಗಿಯರನ್ನು ಗಂಡಿನ ಕಡೆಯವರಿಗೆ ತೋರಿಸಲು ತೆಳ್ಳಗೆ ಮಾಡಿದ್ದೇನೆ, ಒಬ್ಬ ಮನುಷ್ಯನನ್ನು ಅವನಿಗೇ ತೋರಿಸಲು ತೆಳ್ಳಗೆ ಮಾಡುವುದು ಇದೇ ಮೊದಲು ಎಂದರು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ತೆಗೆದರು. ನಾಲ್ಕು ದಿನ ಕೆರೆದರು. ಐದನೆಯ ದಿನ ಬಂದ ಅಪ್ಪನನ್ನು ನೋಡಿ ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು, ಪರಗಂಡಸು ಬಂದ ಹಾಗೆ. ನಿಜಕ್ಕೂ ಚೆಲುವನಾಗಿ ಕಾಣುತ್ತಿದ್ದ. ಗದ್ದದ ಕೆಳಗೆ ಕುತ್ತಿಗೆ ಅನ್ನುವುದು ಒಂದು ಇತ್ತು.

ನಾನು ಸಣ್ಣ ಕಾರ್ಡು ಸಾಕು ಎಂದಿದ್ದೆ. ಅಪ್ಪ ಕೇಳಲಿಲ್ಲ. ಫೋಟೋ ಅಂದ ಮೇಲೆ ದೊಡ್ಡದು ಮಾಡಿಸಿ ಕಟ್ಟು ಹಾಕಿಸಬೇಕು ಎಂದು ಹಟ ಹಿಡಿದ. ಗಾಜು, ಕಟ್ಟು ಹಾಕಿಸಿ ಅಂಗಡಿಯಲ್ಲಿ ತಾನು ಕೂರುವ ಜಾಗದ ಎದುರು ಗೋಡೆಗೆ ಮೊಳೆ ಹೊಡೆದ. ನಮ್ಮ ಕಡೆ ಒಬ್ಬನೇ ಮನುಷ್ಯನ ದೊಡ್ಡ ಫೋಟೋ ಕಟ್ಟಿನೊಳಗೆ ಗೋಡೆ ಏರುವುದು ಯಾವಾಗ ಎಂಬುದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ ನೋಡಿ.

ಅದು ಹೊಳೆದದ್ದು ಹಂಸಭಾವಿಯ ನಿಂಗಪ್ಪಜ್ಜನಿಗೆ. ಅವನ ಮಗಳನ್ನು ಸವಣೂರಿಗೆ ಕೊಟ್ಟಿದ್ದರು. ಎರಡು ಮೂರು ತಿಂಗಳಿಗೊಮ್ಮೆ ಬಂದವನು ನಮ್ಮಲ್ಲಿ ಖಾರ ಕಟ್ಟಿಸಿಕೊಂಡೇ ಮಗಳ ಮನೆಗೆ ಹೋಗುತ್ತಿದ್ದ. ಆವತ್ತು ಬೆಳಿಗ್ಗೆ ಅಪ್ಪ ಡಾಕ್ಟರು ಹೇಳಿದ ಪ್ರಕಾರ ನಡೆಯಲು ಹೋಗಿದ್ದ. ಗದ್ದಿಗೆಯ ಮೇಲೆ ನಾನು ಕೂತಿದ್ದೆ. ನಿಂಗಪ್ಪಜ್ಜ ಮೆಟ್ಟಿಲ ಹತ್ತಿರ ನಿಂತು ನನ್ನನ್ನು ನೋಡಿದ, ಗೋಡೆ ನೋಡಿದ. ಫೋಟೋದಲ್ಲಿ ಸೊರಗಿದ ಅಪ್ಪ, ಗದ್ದಿಗೆಯ ಮೇಲೆ ಹೆಣ್ಣುಮಗಳು. ಅವನು ಒಂದು ಮಾತೂ ಕೇಳಲಿಲ್ಲ. ಅಂಥದ್ದನ್ನು ಮಗಳ ಬಾಯಿಂದ ಕೇಳುವುದು ಚೆಂದವಲ್ಲ. ಹೊರಗೆ ಹೋಗಿ ಚೆಂಡುಹೂವಿನ ಮಾಲೆ ತಂದು, ಸ್ಟೂಲು ಎಳೆದು, ಹತ್ತಿ, ಫೋಟೋಕ್ಕೆ ಹಾಕಿದ. ನಾನು ಗಿರಾಕಿಗೆ ತೂಗಿ ಕೊಡುವ ಗದ್ದಲದಲ್ಲಿದ್ದೆ. ತಿರುಗಿ ನೋಡುವಷ್ಟರಲ್ಲಿ ಮುದುಕ ಸ್ಟೂಲಿನ ಮೇಲೆ ಕೂತು ಟವೆಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ತನ್ನ ಮಗಳ ಲಗ್ನದ ಮನೆಗೆ ಎರಡು ದೊಡ್ಡ ಡಬ್ಬಿ ಖಾರ ತಂದಿಟ್ಟು, ಉಣ್ಣದೆ, ಹೇಳದೆ ಹೋದ ಮನುಷ್ಯ, ಇಂಥವರು ಇನ್ನು ಹುಟ್ಟುವುದಿಲ್ಲ ಎಂದು ನನ್ನನ್ನು ಸಮಾಧಾನ ಮಾಡತೊಡಗಿದ. ನನಗೆ ಎಲ್ಲ ತಿಳಿದು ಬಾಯಿ ತೆರೆಯಬೇಕು, ಅಷ್ಟರಲ್ಲಿ ಅಪ್ಪ ಬೆವರು ಸುರಿಸುತ್ತ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮೆಟ್ಟಿಲೇರಿ ಬಂದ.

ನಿಂಗಪ್ಪಜ್ಜ ಎದ್ದು ನಿಂತ, ಮತ್ತೆ ಕೂತ. ಅಪ್ಪ ಮಾಲೆ ನೋಡಿದ, ಮುದುಕನನ್ನು ನೋಡಿದ.

"ನಿಲ್ಲಸಬ್ಯಾಡ ಅಜ್ಜಾ, ಇನ್ನೂ ಏನೇನ ಹೇಳಾಂವ ಇದ್ದಿ ಹೇಳು. ಇಷ್ಟ ಒಳ್ಳೇ ಮಾತು ನನಗ ಯಾರೂ ಅಂದಿಲ್ಲ" ಎಂದ.

ಪೇಟೆಯೆಲ್ಲ ಎರಡು ದಿನ ನಕ್ಕಿತು. ಅವ್ವ ಮಾತ್ರ ನಗಲಿಲ್ಲ. ಅಪ್ಪನನ್ನು ಹೊಸ್ತಿಲ ಹೊರಗೆ ನಿಲ್ಲಿಸಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಫೋಟೋ ಅಂಗಡಿಯಿಂದ ಇಳಿದು ಮನೆಯ ನಡುಮನೆಗೆ ಬಂತು. ಅವಳಿಗೆ ಅದು ಅಲ್ಲಿಯೂ ಬೇಡವಾಗಿತ್ತು. ನಾನೇ ಹಟ ಮಾಡಿ, ಅಪ್ಪ ಉಣ್ಣಲು ಕೂರುವ ಜಾಗದ ಎದುರಿಗೆ ನಿಲ್ಲಿಸಿದೆ.

ಮಾಲೆ ಬಿದ್ದ ಮಾರನೆಯ ದಿನ ಅಪ್ಪನ ಸಂಗಡ ನಾನೂ ನಡೆಯಲು ಹೋದೆ. ನಾವು ನಡೆಯುತ್ತಿದ್ದುದು ಊರಾಚೆಯ ದೊಡ್ಡ ಹುಣಸೆಮರಗಳವರೆಗೆ. ಹೆಸರಿಗಷ್ಟೇ ಹುಣಸೆ, ಜಾತಿಯೇ ಬೇರೆ; ಒಂದೊಂದು ಬೊಡ್ಡೆಯನ್ನು ತಬ್ಬಲು ಹತ್ತು ಹದಿನೈದು ಜನ ಬೇಕು. ಅಪ್ಪ ದಿನಾ ಅದಕ್ಕೆ ಒರಗಿ ನಿಂತು ಸುಧಾರಿಸಿಕೊಳ್ಳುತ್ತ, ಇದಕ್ಕೆ ಯಾವ ಡಾಕ್ಟರೂ ಸಣ್ಣಗಾಗು ಎಂದು ಹೇಳಿಲ್ಲ ಎನ್ನುತ್ತಿದ್ದ. ಆವತ್ತು ಆ ಮಾತು ಬರಲಿಲ್ಲ. ಬೇರೆಯದನ್ನೇ ಹೇಳಿದ:

"ಅವ್ವಿ, ನಿನ್ನೆ ಆ ಮುದುಕ ಅಳೂದು ನೋಡಿದ್ನಲ್ಲ, ನನಗ ಇನ್ನಷ್ಟ ವರ್ಷ ಇರಬೇಕು ಅನಸ್ತು. ನಾ ಸಣ್ಣಾಕ್ಕೇನಿ."

ಆ ಮಾತಿನಿಂದ ನನಗಾದ ಸಂತೋಷವನ್ನು ಈಗಲೂ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯುವುದಿಲ್ಲ. ಅಪ್ಪ ನಿಜಕ್ಕೂ ಹಟಕ್ಕೆ ಬಿದ್ದ. ನಾಲ್ಕು ರೊಟ್ಟಿ ಎರಡಾದವು. ಘಾಣದ ರುಚಿ ನೋಡುವ ಕೆಲಸ ನನ್ನ ಪಾಲಿಗೆ ಬಂತು; ಆ ಸೇವೆಯನ್ನು ನಾನು ಎಷ್ಟು ಭಕ್ತಿಯಿಂದ ಮಾಡಿದೆ ಎಂಬುದಕ್ಕೆ ನನ್ನ ಮೈಯೇ ಸಾಕ್ಷಿ. ಹಾಗಲಕಾಯಿ ರಸ ಕುಡಿಯುವಾಗ ಫೋಟೋದ ಕಡೆ ನೋಡುತ್ತ, ನಿನ್ನ ಸಲುವಾಗಿ ಕುಡಿಯುತ್ತಿದ್ದೇನೆ ನೋಡಪ್ಪಾ ಎಂದು ಅದಕ್ಕೇ ಹೇಳುತ್ತಿದ್ದ. ಸಂತೆಯ ಮರುದಿನ ಅಡತಿ ಅಂಗಡಿಯಲ್ಲಿ ಮೆಣಸಿನಕಾಯಿ ಚೀಲ ತೂಗುವ ದೊಡ್ಡ ಕಾಟಾದ ಮೇಲೆ ಅಪ್ಪ ನಿಲ್ಲುವುದು, ಹಮಾಲರು ಕೂಗಿ ತೂಕ ಹೇಳುವುದು, ನಾನು ಮನೆಗೆ ಬಂದು ಕ್ಯಾಲೆಂಡರಿನ ಹಿಂದೆ ಬರೆಯುವುದು. ಮೂರು ತಿಂಗಳಲ್ಲಿ ಆರು ಕಿಲೋ ಇಳಿಯಿತು. ಗಾಯ ಮಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ನೀತಿಕಥೆಯಾಗುತ್ತಿತ್ತು. ನಾನೂ ಮಕ್ಕಳಿಗೆ ಹೇಳಬಹುದಾಗಿತ್ತು.

ಮೂರು ತಿಂಗಳಿಗೆ ಹುಬ್ಬಳ್ಳಿಗೆ ಹೋಗಬೇಕಿತ್ತು. ಅಪ್ಪ ಈಗ ಬೇಡ ಎಂದ. ಫೋಟೋದ ಹಾಗೆ ಆಗಿಯೇ ಹೋಗೋಣ, ಡಾಕ್ಟರಿಗೆ ಗುರುತೇ ಸಿಗಬಾರದು ಎಂದ. ನನಗೂ ಆ ಆಟ ಹಿಡಿಸಿತು. ಅದೇ ವೇಳೆಗೆ ಗುಳಿಗೆ ತೀರಿದವು. ತೂಕಕ್ಕಾಗಿ ತಾನೇ ಗುಳಿಗೆ, ತೂಕ ಇಳಿಯುತ್ತಿದೆಯಲ್ಲ ಎಂದು ಅಪ್ಪ ಲೆಕ್ಕ ಹಾಕಿದ. ಡಾಕ್ಟರು ಎರಡನ್ನೂ ಬೇರೆ ಬೇರೆ ಹೇಳಿದ್ದರು. ನಾನು ಕೇಳಿಸಿಕೊಂಡಿದ್ದೆ. ಆದರೂ ಸುಮ್ಮನಿದ್ದೆ. ನಮಗೆ ಎದುರಿಗೆ ಕಾಣುತ್ತಿದ್ದುದು ಫೋಟೋ. ರಕ್ತ ಯಾರಿಗೆ ಕಾಣುತ್ತದೆ?

ಆಮೇಲೆ ತೂಕ ಇಳಿಯತೊಡಗಿತು ನೋಡಿ, ಮಳೆಗಾಲದ ಹಳ್ಳದ ಹಾಗೆ. ವಾರಕ್ಕೆ ಅರ್ಧ ಕಿಲೋ ಇಳಿಯುತ್ತಿದ್ದವನು ಎರಡು, ಎರಡೂವರೆ ಇಳಿದ. ವಿಚಿತ್ರವೆಂದರೆ ಅವನ ಹಸಿವೆ ಹೆಚ್ಚಿತ್ತು. ಎರಡು ರೊಟ್ಟಿ ತಿರುಗಿ ನಾಲ್ಕಾದವು, ಆದರೂ ಇಳಿದ. ನೀರಡಿಕೆ ಎಂದು ಬಿಂದಿಗೆ ಎತ್ತಿ ಕುಡಿಯುತ್ತಿದ್ದ. ಸಾಲದೆ ಪೇಟೆಯಲ್ಲಿ ಕಬ್ಬಿನ ಹಾಲು ಕುಡಿದು ಬರುತ್ತಿದ್ದ. ಆದರೂ ಇಳಿದ. ಹಾಗಲಕಾಯಿ ಮೈಗೆ ಹತ್ತಿದೆ, ಈಗ ತಾನಾಗಿಯೇ ಕೆಲಸ ಮಾಡುತ್ತಿದೆ ಎಂದು ನಾನು ವಿವರಣೆ ಕೊಟ್ಟೆ. ಹಮಾಲರು ಪ್ರತಿ ವಾರ ಶಿಳ್ಳೆ ಹೊಡೆದರು. ಊಟಕ್ಕೆ ಕೂತಾಗ ನಾನು ಅಪ್ಪನ ಮುಖವನ್ನೂ ಫೋಟೋವನ್ನೂ ಹೊಂದಿಸಿ ನೋಡಿ, ಇನ್ನು ಇಷ್ಟೇ ಉಳಿದಿದೆ ಎಂದು ಬೆರಳಲ್ಲಿ ತೋರಿಸುತ್ತಿದ್ದೆ.

ಅವ್ವ ಒಬ್ಬಳೇ ಅಪಸ್ವರ. ಅಪ್ಪ ಮಧ್ಯಾಹ್ನವೇ ಗದ್ದಿಗೆಯ ಮೇಲೆ ತೂಕಡಿಸುತ್ತಾನೆ, ಮೊದಲು ಹೀಗಿರಲಿಲ್ಲ ಎಂದು ಒಂದೆರಡು ಸಲ ಹೇಳಿದಳು. ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದು ನಿಲ್ಲಿಸಿದಳು.

"ಶಾಂತಾ, ಇದು ಸಣ್ಣಾಗೂದಲ್ಲ, ಸೊರಗೂದು. ನೀ ಶಾಣ್ಯಾಕಿ ಅದೀ, ನನಗ ಅಷ್ಟ ತಿಳಿಯೂದಿಲ್ಲ, ಆದರ ಇದು ಛಲೋ ಅಲ್ಲ."

ನಾನು ಕ್ಯಾಲೆಂಡರು ತಂದು ಅವಳಿಗೆ ಅಂಕಿ ತೋರಿಸಿ ಪಾಠ ಹೇಳಿದೆ. ನಿನಗೆ ಗಂಡ ಗುಡಾಣದ ಹಾಗೆ ಇದ್ದರೇ ಚೆಂದ ಎಂದು ನಗಾಡಿದೆ. ಅವಳು ಮುಂದೆ ಮಾತನಾಡಲಿಲ್ಲ. ಓದಿದ ಮಗಳ ಎದುರು ಓದದ ತಾಯಿ ಎಷ್ಟು ಬೇಗ ಸುಮ್ಮನಾಗುತ್ತಾಳೆ ಎಂಬುದು ನನಗೆ ಆಗ ತಿಳಿಯಲಿಲ್ಲ, ತಿಳಿದಾಗಿನಿಂದ ಮರೆಯಲಾಗಿಲ್ಲ.

ಎಪ್ಪತ್ತೈದು ಬಂದ ವಾರ ನಾನೂ ಅಪ್ಪನೂ ದಸ್ತಗೀರಸಾಬರ ಮಹಡಿ ಹತ್ತಿದೆವು. ಅದೇ ಕುರ್ಚಿ, ಅದೇ ಕರಿ ಪರದೆಯ ಮುಂದೆ ಹೊಸ ಫೋಟೋ ತೆಗೆಸಿ ಹಳೆಯದರ ಪಕ್ಕಕ್ಕೆ ಇಡುವುದು ನನ್ನ ಯೋಜನೆ. ಹನ್ನೆರಡು ಮೆಟ್ಟಿಲು ಹತ್ತಲು ಅಪ್ಪ ಎರಡು ಕಡೆ ನಿಂತ. ದಸ್ತಗೀರಸಾಬರು ಎರಡು ತಿಂಗಳು ಊರಲ್ಲಿರಲಿಲ್ಲ, ಹಾನಗಲ್ಲಿನಲ್ಲಿ ಮಗಳ ಬಾಣಂತನಕ್ಕೆಂದು ಮನೆಮಂದಿಯೆಲ್ಲ ಹೋಗಿ ಆ ವಾರವಷ್ಟೇ ಬಂದಿದ್ದರು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ, ಕ್ಯಾಮೆರಾದ ಹಿಂದೆ ಹೋಗಿ ಕರಿ ಬಟ್ಟೆಯೊಳಗೆ ತಲೆ ಹಾಕಿದರು. ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದವರು ನೇರ ಕಪಾಟಿಗೆ ಹೋಗಿ ಹಳೆಯ ಫೋಟೋದ ಒಂದು ಸಣ್ಣ ಪ್ರತಿ ಹುಡುಕಿ ತಂದು, ಅಪ್ಪನ ಗಲ್ಲದ ಪಕ್ಕ ಹಿಡಿದು, ಕಿಟಕಿಯ ಕಡೆ ಅವನ ಮುಖ ತಿರುಗಿಸಿ ನೋಡಿದರು.

"ಈರಪ್ಪಣ್ಣ, ನಾ ಇಷ್ಟ ಕೆರದಿಲ್ಲ" ಎಂದರು.

ಅಪ್ಪ ನಕ್ಕ. ನಿಮ್ಮ ಬ್ಲೇಡಿಗಿಂತ ನಮ್ಮ ಹಾಗಲಕಾಯಿ ಹರಿತ ಎಂದ. ಅವರು ನಗಲಿಲ್ಲ. ಫೋಟೋದ ಮೇಲೆ ಉಗುರಿಟ್ಟು ನನಗೆ ತೋರಿಸಿದರು.

"ಇಲ್ನೋಡು ಬೇಟಿ. ನಾ ಬ್ಲೇಡ ಹಚ್ಚಿದ್ದು ಎರಡ ಕಡೆ. ಹೊಟ್ಟಿಗೆ, ಗದ್ದದ ಕೆಳಗ. ಕಪಾಳ ಮುಟ್ಟಿಲ್ಲ, ಕಣ್ಣಿನ ಬಾಜೂಕ ಮುಟ್ಟಿಲ್ಲ. ಈ ಕುತ್ತಿಗಿ ಎಲುಬಿನ ಮ್ಯಾಲ ಇಷ್ಟು ದೊಡ್ಡ ಕುಣಿ ಬಿದ್ದೈತಿ, ಇದು ನನ್ನ ಕೈಯಲ್ಲ. ಇವರನ್ನ ಬ್ಯಾರೆ ಯಾರೋ ಒಳಗಿಂದ ಕೆರಿಯಾಕತ್ತಾರ."

ಮುಖ ತಿದ್ದಿ ತಿದ್ದಿ ಮೂವತ್ತು ವರ್ಷ ಕಳೆದ ಮನುಷ್ಯ. ಅವರಿಗೆ ಯಾರ ಮುಖದಲ್ಲಿ ಎಷ್ಟು ಮಾಂಸ ಎಲ್ಲಿಂದ ಹೋದರೆ ಚೆಂದ, ಎಲ್ಲಿಂದ ಹೋದರೆ ಕೆಟ್ಟದ್ದು ಎಂಬುದು ಗೊತ್ತಿತ್ತು. ನಾನು ವಾರವಾರವೂ ಅದೇ ಮುಖವನ್ನು ಅದೇ ಫೋಟೋದ ಜೊತೆ ಹೊಂದಿಸಿ ನೋಡಿದ್ದೆ; ಹೊಟ್ಟೆ ಬಿಟ್ಟು ಬೇರೇನೂ ನೋಡಿರಲಿಲ್ಲ. ಆದರೂ ಆ ಗಳಿಗೆಯಲ್ಲಿ ನನಗೆ ಬಂದದ್ದು ಹೆದರಿಕೆಯಲ್ಲ, ಸಿಟ್ಟು. ನನ್ನ ಇಷ್ಟು ತಿಂಗಳ ಗೆಲುವಿನ ಮೇಲೆ ನೀರು ಹಾಕಿದರು ಎಂಬ ಸಿಟ್ಟು. ಫೋಟೋ ತೆಗೆಯಿರಿ, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದು ಸ್ವಲ್ಪ ಬಿರುಸಾಗಿಯೇ ಹೇಳಿದೆ. ಅವರು ಕ್ಯಾಮೆರಾದ ಮೇಲೆ ಬಟ್ಟೆ ಹೊದಿಸಿಬಿಟ್ಟರು. ಹುಬ್ಬಳ್ಳಿಗೆ ಹೋಗಿ ಬಂದ ಮೇಲೆ ಎಷ್ಟು ಬೇಕಾದರೂ ತೆಗೆಯುತ್ತೇನೆ, ಈ ಮುಖವನ್ನು ತೆಗೆಯುವುದಿಲ್ಲ ಎಂದರು. ಅಷ್ಟು ಹೇಳಿ ಸುಮ್ಮನಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ನಮ್ಮ ಜೊತೆ ಕೆಳಗಿಳಿದು, ಮನೆಯವರೆಗೆ ಬಂದು, ಹೊಸ್ತಿಲ ಹೊರಗೆ ನಿಂತು ಅವ್ವನಿಗೆ ಅದನ್ನೇ ಹೇಳಿದರು.

ಅವ್ವ ಚರ್ಚೆ ಮಾಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಮರುದಿನದ ಮೊದಲ ಬಸ್ಸಿಗೆ ಅಪ್ಪನನ್ನು ಹತ್ತಿಸಿ ತಾನೂ ಹತ್ತಿದಳು. ನಾನು ಕ್ಯಾಲೆಂಡರನ್ನು ಸುರುಳಿ ಸುತ್ತಿ ಹಿಡಿದುಕೊಂಡು ಹಿಂದಿನ ಸೀಟಿನಲ್ಲಿ ಕೂತೆ.

ಆಸ್ಪತ್ರೆಯಲ್ಲಿ ಡಾಕ್ಟರು ಅಪ್ಪನ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ನೀಲಿ ಔಷಧದ ಜೊತೆ ಹಾಕಿ ನಮ್ಮ ಎದುರೇ ಕಾಯಿಸಿದರು. ನೀಲಿ ಹೋಗಿ ಹಸಿರಾಯಿತು, ನೋಡುತ್ತಿದ್ದಂತೆ ಇಟ್ಟಂಗಿಯ ಬಣ್ಣಕ್ಕೆ ತಿರುಗಿತು. ಅಪ್ಪನನ್ನು ಮಂಚದ ಮೇಲೆ ಮಲಗಿಸಿ ಸಲೈನು ಹಚ್ಚಿದರು. ಸಕ್ಕರೆ ಏರಿ ಏರಿ, ಉಂಡದ್ದು ಮೈಗೆ ಹತ್ತದೆ, ದೇಹ ತನ್ನನ್ನೇ ತಿನ್ನುತ್ತಿತ್ತಂತೆ. ಇನ್ನೊಂದೆರಡು ವಾರ ತಡವಾಗಿದ್ದರೆ ಎಚ್ಚರ ತಪ್ಪಿದ ಮೇಲೆಯೇ ತರುತ್ತಿದ್ದಿರಿ ಎಂದರು. ಯಾವಾಗಿನಿಂದ ಹೀಗೆ ಇಳಿಯುತ್ತಿದ್ದಾರೆ ಎಂದು ಕೇಳಿದರು. ಸಾಮಾನ್ಯವಾಗಿ ಊರ ಕಡೆಯವರು ಇಂಥದ್ದಕ್ಕೆ ಹಬ್ಬದ ಲೆಕ್ಕ ಹೇಳುತ್ತಾರೆ. ನಾನು ಕ್ಯಾಲೆಂಡರು ಬಿಡಿಸಿ ಕೊಟ್ಟೆ. ವಾರವಾರದ ತೂಕ, ದುಂಡಗಿನ ಅಕ್ಷರದಲ್ಲಿ, ಹೆಚ್ಚು ಇಳಿದ ವಾರಗಳಿಗೆ ಕೆಂಪು ಮಸಿಯ ಚುಕ್ಕಿ. ಅವರು ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದರು. ಇದನ್ನು ಬರೆಯುವಾಗ ನಿಮಗೆ ಯಾರಿಗೂ ಹೆದರಿಕೆ ಆಗಲಿಲ್ಲವೇ ಎಂದು ಕೇಳಿದರು.

"ಖುಷಿ ಆಗಿತ್ರಿ" ಎಂದೆ. ಬೇರೆ ಏನು ಹೇಳಲಿ?

ಆಮೇಲೆ ಆಸ್ಪತ್ರೆಯ ಹಿತ್ತಲಿಗೆ ಹೋಗಿ ಒಬ್ಬಳೇ ಅತ್ತೆ. ನೋಡಬೇಕಾದದ್ದನ್ನು ಬಿಟ್ಟು ನೋಡಬೇಕೆನಿಸಿದ್ದನ್ನು ನೋಡುತ್ತ ಕೂತಿದ್ದೆ, ಅಪ್ಪನನ್ನೂ ಅದನ್ನೇ ನೋಡುವಂತೆ ಕೂರಿಸಿದ್ದೆ. ಮುಂದೆ ಮೂವತ್ತಾರು ವರ್ಷ ಶಾಲೆಯಲ್ಲಿ ಪಾಠ ಹೇಳಿದೆ. ಹುಡುಗರು ಒಮ್ಮಿಂದೊಮ್ಮೆಗೆ ಹೆಚ್ಚು ಅಂಕ ತಂದರೂ ಕರೆದು ಕೂರಿಸಿಕೊಂಡು ಮನೆಯ ಸುದ್ದಿ ಕೇಳುವ ಚಟ ನನಗೆ ಹತ್ತಿದ್ದು ಆ ಹಿತ್ತಲಿನಿಂದ. ಹುಡುಗರು ನನ್ನನ್ನು ಅನುಮಾನದ ಅಕ್ಕೋರು ಎಂದು ಕರೆಯುತ್ತಿದ್ದರಂತೆ. ಕರೆಯಲಿ.

ಹದಿನೇಳು ದಿನಕ್ಕೆ ಅಪ್ಪ ಮನೆಗೆ ಬಂದ. ದಿನಾ ಇನ್ಸುಲಿನ್ ಚುಚ್ಚಬೇಕಾಗಿತ್ತು. ಗಾಜಿನ ಸಿರಿಂಜನ್ನು ಸಣ್ಣ ಪಾತ್ರೆಯಲ್ಲಿ ಕುದಿಸಿ ಚುಚ್ಚುವುದನ್ನು ನಾನು ನರ್ಸಿನಿಂದ ಕಲಿತುಕೊಂಡು ಬಂದಿದ್ದೆ. ಮೊದಲ ದಿನ ನಾನು ಸೂಜಿ ಹಿಡಿದು ಹಿಂದೆ ಮುಂದೆ ನೋಡುತ್ತಿದ್ದುದು ಕಂಡು ಅಪ್ಪ, ಪರೀಕ್ಷೆಯಲ್ಲಿ ಪಾಸಾದವಳು ನೀನು, ಹೆದರಬೇಡ ಎಂದು ತೊಡೆ ತಟ್ಟಿಕೊಂಡು ತೋರಿಸಿದ. ಅವನು ಒಂದು ದಿನವೂ ನನ್ನನ್ನು ಅನ್ನಲಿಲ್ಲ. ನಾನು ಅತ್ತು ತಪ್ಪಾಯಿತು ಎಂದಾಗ, ಗುಳಿಗೆ ಬಿಟ್ಟವನು ನಾನು, ಫೋಟೋ ನೋಡಿ ಉಬ್ಬಿದವನೂ ನಾನು, ನಿನ್ನದೇನಿದೆ ಎಂದ. ಅವ್ವನೂ ಅನ್ನಲಿಲ್ಲ. ಆದರೆ ಅವಳು ಅನ್ನದೆ ಇದ್ದದ್ದೇ ನನಗೆ ಹೆಚ್ಚು ಭಾರವಾಯಿತು. ಅವಳು ನಮಗಿಂತ ಎರಡು ದಿನ ಮೊದಲೇ ಊರಿಗೆ ಬಂದಿದ್ದಳು; ನಾವು ಮನೆಗೆ ಬರುವಷ್ಟರಲ್ಲಿ ನಡುಮನೆಯಲ್ಲಿ ಫೋಟೋ ಇರಲಿಲ್ಲ. ಎಲ್ಲಿ ಇಟ್ಟಳೋ, ಏನು ಮಾಡಿದಳೋ, ಕೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ಎರಡು ತಿಂಗಳಾದ ಮೇಲಿನ ಒಂದು ಮಧ್ಯಾಹ್ನ. ಅಪ್ಪ ಉಣ್ಣಲು ಕೂತಿದ್ದ. ಎರಡೇ ರೊಟ್ಟಿ, ಹೆಸರುಕಾಳಿನ ಪಲ್ಯ, ಸೊಪ್ಪು, ಮಜ್ಜಿಗೆ. ಆವತ್ತು ಬೆಳಿಗ್ಗೆ ಅವನ ತೂಕ ಮೂರು ಕಿಲೋ ಏರಿತ್ತು. ಹಳೆಯ ಚಟಕ್ಕೆ ಮೊದಲು ಅಯ್ಯೋ ಏರಿತಲ್ಲ ಎಂದುಕೊಂಡು, ಆಮೇಲೆ ಇದು ಒಳ್ಳೆಯ ಸುದ್ದಿ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಅವ್ವನಿಗೆ ಅಂಕಿ ಹೇಳಲು ಬಾಯಿ ತೆರೆದೆ. ಅವಳು ಕೈಯೆತ್ತಿ ನನ್ನನ್ನು ತಡೆದು, ಬಡಿಸುತ್ತಿದ್ದ ಪಾತ್ರೆಯನ್ನು ನೆಲಕ್ಕಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡಳು. ಅಪ್ಪನ ಅಂಗಿಯ ಮೇಲಿನ ಗುಂಡಿ ಬಿಚ್ಚಿ, ಕುತ್ತಿಗೆಯ ಎಲುಬಿನ ಮೇಲೆ ಆ ಕುಣಿ ಇದ್ದ ಜಾಗದಲ್ಲಿ ನಾಲ್ಕು ಬೆರಳಿಟ್ಟು ನೋಡಿದಳು. ಒಂದು ಕಡೆ ನೋಡಿ, ಇನ್ನೊಂದು ಕಡೆಯೂ ನೋಡಿದಳು. ಅಪ್ಪ ತುತ್ತು ಕೈಯಲ್ಲಿ ಹಿಡಿದುಕೊಂಡು ಚಿಕ್ಕ ಹುಡುಗನ ಹಾಗೆ ಕೂತಿದ್ದ.

"ತುಂಬಾಕತ್ತೇತಿ" ಎಂದಳು ಅವ್ವ, ನನಗೆ. ಹೇಳಿ, ಅಲ್ಲೇ ಗೋಡೆಗೆ ಆತು ಕೂತು ಅಳತೊಡಗಿದಳು.

ಅಪ್ಪ ಆಮೇಲೆ ಹನ್ನೊಂದು ವರ್ಷ ಇದ್ದ. ನನ್ನ ಲಗ್ನದಲ್ಲಿ ತಾನೇ ನಿಂತು ಎಲ್ಲರಿಗೂ ಬಡಿಸಿದ. ಆದರೆ ನನ್ನ ಎದುರು ಅವ್ವ ಅಪ್ಪನನ್ನು ಮುಟ್ಟಿದ್ದು ಅದೊಂದೇ ಸಲ.